ವಲಸೆ ಕೃಷಿ ಕಾರ್ಮಿಕರ ಆರೋಗ್ಯ: ವಿದ್ಯಾರ್ಥಿಗಳ ಸೇವೆ, ಸಮಾಜದ ಹೊಣೆ



ಈ ಸಲದ ಭಾರತ ಹುಣ್ಣಿಮೆಗೆ ಉಳವಿಯಲ್ಲಿ ಚೆನ್ನಬಸವಣ್ಣನವರ ಸನ್ನಿಧಿಯ ದರ್ಶನ ಮುಗಿಸಿ, ಘಟ್ಟವಿಳಿದು ಭಟ್ಕಳ ತಾಲೂಕಿನ ಮಾವಳ್ಳಿಗೆ ಹೋಗಿದ್ದೆ. ಗದಗ ಸೀಮೆಯಿಂದ ಬಂದು ಅಲ್ಲಿ ಶಿಕ್ಷಕರಾಗಿ ನೆಲೆಸಿರುವ ಭಕ್ತರೊಬ್ಬರು, ನಮ್ಮ ಮಠದ ಪ್ರಸಾದ ನಿಲಯದಲ್ಲಿ ಓದಿದವರು, ತಮ್ಮ ಮನೆಗೆ ಬರಲೇಬೇಕೆಂದು ಬಹುದಿನಗಳಿಂದ ಕರೆಯುತ್ತಿದ್ದರು. ಮುರ್ಡೇಶ್ವರದ ಗೋಪುರ ಕಾಣುವಷ್ಟು ಸಮೀಪದ ಮನೆ. ಸಂಜೆ ಪ್ರಸಾದಕ್ಕೆ ಕುಳಿತಾಗ ಪದವಿ ಓದುತ್ತಿರುವ ಅವರ ಮಗಳು ಹೇಳಿದ ಒಂದು ಪ್ರಸಂಗ ಈ ಲೇಖನಕ್ಕೆ ಕಾರಣವಾಯಿತು.

ಆ ಮಗಳು ತನ್ನ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕಿ. ಅವರ ಮನೆಯಿಂದ ಸ್ವಲ್ಪ ದೂರದ ಅಡಿಕೆ ತೋಟವೊಂದರ ಬಿಡಾರದಲ್ಲಿ ಕೊಪ್ಪಳ ಕಡೆಯಿಂದ ದುಡಿಯಲು ಬಂದ ದಂಪತಿಗಳಿದ್ದರು. ಗಂಡನ ಕೆಮ್ಮು ನಿಲ್ಲುತ್ತಿರಲಿಲ್ಲ. ಊರಿನಲ್ಲಿ ಕ್ಷಯರೋಗವೆಂದು ತಿಳಿದು ಔಷಧ ಆರಂಭವಾಗಿತ್ತು. ಎರಡು ತಿಂಗಳಲ್ಲಿ ಮೈ ಹಗುರವಾಯಿತು. ಸುಗ್ಗಿ ಮುಗಿದು ಊರಿನಲ್ಲಿ ಕೆಲಸವಿಲ್ಲದಾದಾಗ, ಉಳಿದ ಮಾತ್ರೆಗಳನ್ನು ಗಂಟಿನಲ್ಲಿ ಕಟ್ಟಿಕೊಂಡು ಅವರು ಕರಾವಳಿಗೆ ಬಂದರು. ಮಾತ್ರೆ ಮುಗಿಯಿತು. ರೋಗದ ಹೆಸರು ಹೊರಬಿದ್ದರೆ ಕೆಲಸ ತಪ್ಪೀತೆಂದು ಯಾರಿಗೂ ಹೇಳಲಿಲ್ಲ. "ಯವ್ವಾ, ಗುಳಗಿ ತೀರ್ಯಾವ. ಊರಿಗೆ ಹೋದ ಮ್ಯಾಲ ತಗೋತೀನಿ ಬಿಡು" ಎಂದು ಆತ ಈ ಹುಡುಗಿಗೆ ಹೇಳಿದ್ದು, ಆಕೆ ತನ್ನ ಸೀಮೆಯ ಮಾತಿನಲ್ಲಿ "ಕಾಕಾ" ಎಂದು ಕರೆದು ಮಾತನಾಡಿಸಿದ ಮೂರನೆಯ ಸಂಜೆ.

ಆಕೆ ವೈದ್ಯಕೀಯ ಓದುವವಳಲ್ಲ, ಓದುತ್ತಿರುವುದು ವಾಣಿಜ್ಯ. ಆದರೆ ಕ್ಷಯದ ಔಷಧ ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಉಚಿತವಾಗಿ ಮುಂದುವರಿಯಬಲ್ಲದೆಂಬುದನ್ನು ಶಿಬಿರವೊಂದರಲ್ಲಿ ಕೇಳಿ ತಿಳಿದಿದ್ದಳು. ಆತನ ಊರಿನ ಆಶಾ ಕಾರ್ಯಕರ್ತೆಗೆ ದೂರವಾಣಿ ಮಾಡಿಸಿ ರೋಗಿಯ ನೋಂದಣಿ ಸಂಖ್ಯೆಯನ್ನು ಪಡೆದಳು. ಮರುದಿನ ತನ್ನ ತಂದೆಯನ್ನು ಜೊತೆಗೆ ಕರೆದುಕೊಂಡು, ಆತನನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಮತ್ತೆ ಕಫ ಪರೀಕ್ಷೆಯಾಯಿತು, ಔಷಧ ಪುನಃ ಆರಂಭವಾಯಿತು. ಆ ಹುಡುಗಿ ಮಾಡಿದ್ದು ಇಷ್ಟೇ. ಹಾಗೆ ಮಾಡುವವರು ಇಲ್ಲದಿದ್ದರೆ ಏನಾಗುತ್ತಿತ್ತೆಂಬುದು ನನ್ನನ್ನು ಹಿಂತಿರುಗುವ ದಾರಿಯುದ್ದಕ್ಕೂ ಕಾಡಿತು. ಕನಿಷ್ಠ ಆರು ತಿಂಗಳು ತಪ್ಪದೆ ನಡೆಯಬೇಕಾದ ಕ್ಷಯದ ಚಿಕಿತ್ಸೆ ನಡುವೆ ಕಡಿದುಹೋದರೆ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಆಗ ಆಪತ್ತು ಆತನೊಬ್ಬನಿಗಲ್ಲ. ಅದೇ ಬಿಡಾರದಲ್ಲಿ ಮಲಗುವ ಹೆಂಡತಿಗೆ, ಜೊತೆಗೆ ದುಡಿಯುವವರಿಗೆ, ಊರಿಗೆ ಮರಳಿದ ಮೇಲೆ ಮಕ್ಕಳು ಮೊಮ್ಮಕ್ಕಳಿಗೆ.

ಘಟ್ಟದ ಮೇಲಿನವರು

ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಕೃಷಿಯನ್ನು ಬಲ್ಲವರಿಗೆ ಅಲ್ಲಿನ ದುಡಿಮೆಯ ಕ್ರಮ ಗೊತ್ತು. ಭತ್ತದ ಕೊಯ್ಲಿನ ಬಳಿಕ ಮರಳು ಮಣ್ಣಿನ ಗದ್ದೆಗಳಲ್ಲಿ ಶೇಂಗಾ, ಕಲ್ಲಂಗಡಿ, ಕುಮಟೆಯ ಸಿಹಿ ಈರುಳ್ಳಿ. ಕಣಿವೆಗಳಲ್ಲಿ ಅಡಿಕೆಯ ಕೊನೆ ಕೊಯ್ಲು ಮತ್ತು ಸುಲಿಯುವ ಕೆಲಸ. ಹೊನ್ನಾವರದ ವೀಳ್ಯದೆಲೆ, ಭಟ್ಕಳದ ಮಲ್ಲಿಗೆ. ಸ್ಥಳೀಯ ಯುವಕರು ಬೆಂಗಳೂರು, ಗೋವೆ, ಕೊಲ್ಲಿ ರಾಷ್ಟ್ರಗಳತ್ತ ಹೊರಟಂತೆ ಈ ಕೆಲಸಗಳಿಗೆ ಕೈಗಳ ಕೊರತೆಯಾಯಿತು. ಬಯಲುಸೀಮೆಯಲ್ಲಿ ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಅಥವಾ ಕೈಗೆ ಬಾರದೇ ಹೋದ ಮೇಲೆ, ಉತ್ತರ ಕರ್ನಾಟಕದ ಬಡ ಕುಟುಂಬಗಳು ಆ ಜಾಗಕ್ಕೆ ಬರತೊಡಗಿದವು. ಕರಾವಳಿಯ ಜನ ಅವರನ್ನು ಕರೆಯುವುದು 'ಘಟ್ಟದ ಮೇಲಿನವರು' ಎಂದು. ತೋಟದ ಮೂಲೆಯ ಕೊಟ್ಟಿಗೆಯೋ ತಗಡಿನ ಬಿಡಾರವೋ ಅವರ ವಾಸ. ಯುಗಾದಿಗೆ ಕೆಲವರು, ಮಳೆಗಾಲಕ್ಕೆ ಮುನ್ನ ಉಳಿದವರು ಊರಿಗೆ ಮರಳುತ್ತಾರೆ.

ಇವರು ಯಾರೋ ಅಲ್ಲ. ನಮ್ಮ ಮಠದ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯುವವರು, ದಾಸೋಹದಲ್ಲಿ ಪಂಕ್ತಿಗೆ ಕುಳಿತವರು ಇವರೇ. ಜಾತ್ರೆ ಮುಗಿದು ಅವರು ಎಲ್ಲಿಗೆ ಹೋಗುತ್ತಾರೆಂದು ನಾವು ಕೇಳಿಲ್ಲ, ಅಷ್ಟೇ.

ಕರಾವಳಿ ಮತ್ತು ಮಲೆನಾಡಿನ ಅಂಚಿನಲ್ಲಿ ಇವರಿಗೆ ಎದುರಾಗುವ ರೋಗಗಳು ಅವರ ಊರಿನವಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ವಲಸೆ ಬಂದವರು ತೋಟಗಳಲ್ಲಿರುವ ಅವಧಿಯಲ್ಲಿಯೇ, ಅದರ ಕಾಲ. 2024ರ ಋತುವಿನಲ್ಲಿ ಸಿದ್ದಾಪುರ ತಾಲೂಕು ಅದರಿಂದ ಬಹಳ ನೊಂದಿತು. ಅಡಿಕೆ ತೋಟಕ್ಕೆ ಹೊದಿಸಲು ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತರುವವರಿಗೆ ಉಣುಗು ಹತ್ತುವುದು ಸುಲಭ. ಹಳೆಯ ಲಸಿಕೆಯ ಪರಿಣಾಮ ಕುಂದಿದ್ದರಿಂದ 2022ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ತೈಲ, ಮೈತುಂಬ ಬಟ್ಟೆ, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಕಾಡಿನಲ್ಲಿ ಮಂಗ ಸತ್ತರೆ ಕೂಡಲೇ ತಿಳಿಸುವುದು ಇವೇ ಈಗ ಮುಖ್ಯ ರಕ್ಷಣೆ. ಮಲೆನಾಡಿನ ಮಗುವಿಗೂ ಗೊತ್ತಿರುವ ಈ ಮಾತು ಯಲಬುರ್ಗಿಯಿಂದಲೋ ಕುಷ್ಟಗಿಯಿಂದಲೋ ಬಂದವನಿಗೆ ಹೇಗೆ ಗೊತ್ತಾಗಬೇಕು? ಅವನು ಜ್ವರವನ್ನು ಬಿಸಿಲಿನ ಜ್ವರವೆಂದುಕೊಂಡು ಬಿಡಾರದಲ್ಲಿಯೇ ಮಲಗುತ್ತಾನೆ.

ಮನೆಯನ್ನು ಹುಡುಕಿ ಬರುವ ಯೋಜನೆಗಳು

ಸರ್ಕಾರಗಳು ಏನೂ ಮಾಡಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ; ಪಡಿತರ ಚೀಟಿಯ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಅದರಲ್ಲಿ ಲಭ್ಯ. ಕ್ಷಯ ರೋಗಿಯ ಪೋಷಣೆಗೆ ತಿಂಗಳಿಗೆ 500 ರೂಪಾಯಿ ಇದ್ದುದು 2024ರ ನವೆಂಬರಿನಿಂದ 1000 ಆಗಿದೆ. ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಗೊಂಡು, ಮನೆಮನೆಗೆ ಹೋಗಿ ರಕ್ತದೊತ್ತಡ, ಮಧುಮೇಹಗಳನ್ನು ತಪಾಸಣೆ ಮಾಡುವ ಉದ್ದೇಶ ಹೊಂದಿದೆ. ಇವೆಲ್ಲ ಒಳ್ಳೆಯ ಯೋಜನೆಗಳೇ.

ಆದರೆ ಇವುಗಳಲ್ಲಿ ಬಹುತೇಕ ಯೋಜನೆಗಳು ಒಂದು ಮನೆಯನ್ನು ಹುಡುಕಿಕೊಂಡು ಬರುತ್ತವೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮನೆಗಳ ಪಟ್ಟಿ ಇರುತ್ತದೆ. ತಾಯಿ ಕಾರ್ಡು, ಮಗುವಿನ ಲಸಿಕೆಯ ದಿನ, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಊರಿನ ಉಪಕೇಂದ್ರಕ್ಕೆ ಕಟ್ಟುಬಿದ್ದಿವೆ. ದುಡಿಯುವವನು ಋತುವಿನೊಡನೆ ಇನ್ನೂರು ಮುನ್ನೂರು ಕಿಲೋಮೀಟರು ಸರಿದರೆ, ಊರಿನ ಪುಸ್ತಕದಲ್ಲಿ ಅವನು 'ಮನೆಯಲ್ಲಿಲ್ಲ' ಎಂದಾಗುತ್ತಾನೆ. ಬಂದ ಊರಿನ ಪುಸ್ತಕದಲ್ಲಿ ಅವನ ಹೆಸರೇ ಇರುವುದಿಲ್ಲ. ಹಕ್ಕು ಎರಡೂ ಕಡೆ ಇದೆ. ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುವವರು ಮಾತ್ರ ಇಲ್ಲ.

ಕಾನೂನಿನಲ್ಲಿಯೂ ಇಂಥದೇ ಕಿಂಡಿ ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಹೆಸರೇ ಹೇಳುವಂತೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಿಗೆ, ಅದೂ ಐದು ಅಥವಾ ಹೆಚ್ಚು ಮಂದಿ ಇರುವ ಕಡೆಗೆ ಅನ್ವಯವಾಗುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನೂತನ ಕಾರ್ಮಿಕ ಸಂಹಿತೆಗಳಲ್ಲಿ ಈ ಮಿತಿ ಹತ್ತಕ್ಕೆ ಏರಿದೆ. ಕೊಪ್ಪಳದಿಂದ ಭಟ್ಕಳಕ್ಕೆ ಬಂದ ದಂಪತಿಗಳು ರಾಜ್ಯದ ಗಡಿಯನ್ನೇ ದಾಟಿಲ್ಲ. ಒಂದು ತೋಟದಲ್ಲಿ ದುಡಿಯುವವರು ಇಬ್ಬರೋ ನಾಲ್ವರೋ. ಆದುದರಿಂದ ಈ ಕಾನೂನಿನ ಕಣ್ಣಿಗೆ ಅವರು ವಲಸಿಗರೇ ಅಲ್ಲ. ಕಟ್ಟಡ ಕಾರ್ಮಿಕರಿಗೆ 1996ರ ಕಾಯಿದೆಯಡಿ ರಚಿತವಾದ ಸೆಸ್ ಹಣದ ಕಲ್ಯಾಣ ಮಂಡಳಿಯಾದರೂ ಇದೆ. ಹೊಲದ ಕೂಲಿಯವನಿಗೆ ಅಂತಹ ನಿಧಿಯಿಲ್ಲ.

ಇನ್ನು ಉತ್ತರ ಕನ್ನಡ ಜಿಲ್ಲೆಯ ಸ್ಥಿತಿ ಸ್ಥಳೀಯರಿಗೇ ಕಷ್ಟಕರವಾದುದು. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ಕಾರವಾರದಲ್ಲಿದೆ. ಮಾವಳ್ಳಿಯಿಂದ ಅದು ನೂರು ಕಿಲೋಮೀಟರಿಗೂ ದೂರ. ಗಂಭೀರ ಕಾಯಿಲೆಯೆಂದರೆ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯ ದಾರಿ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾದ ಬಳಿಕ, ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನ ಒಕ್ಕೊರಲಿನಿಂದ ಕೂಗೆತ್ತಿದ್ದು ನೆನಪಿರಬಹುದು. ಊರವರದೇ ಪಾಡು ಹೀಗಿರುವಾಗ, ದಾರಿಯೂ ಗೊತ್ತಿಲ್ಲದ, ಜಾಮೀನು ಹೇಳುವವರೂ ಇಲ್ಲದ ಪರಸ್ಥಳದವನ ಪಾಡನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಕಬ್ಬಿನ ಗದ್ದೆಯ ಪಾಠ

ಇದೇ ಸಮಸ್ಯೆಯ ಇನ್ನೂ ದೊಡ್ಡ ರೂಪ ನಮ್ಮ ಸಂಸ್ಥೆಗಳ ಬಾಗಿಲಲ್ಲಿಯೇ ಇದೆ. ಪ್ರತಿ ವರ್ಷ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವ ಕಾಲಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಗದ್ದೆಗಳಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ನಮ್ಮದೇ ಒಣಪ್ರದೇಶಗಳಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ಲೆಕ್ಕ. ಮುಂಗಡ ಪಡೆದು ಬಂದವರು. ಒಂದು ದಿನ ತಪ್ಪಿದರೆ ಹಣ ಕಡಿತ. ಅದಕ್ಕಾಗಿ ಮುಟ್ಟಿನ ನೋವನ್ನೂ ಬಸಿರಿನ ಆಯಾಸವನ್ನೂ ನುಂಗಿ ಹೆಣ್ಣುಮಕ್ಕಳು ಕೊಯ್ತಾ ಹಿಡಿಯುತ್ತಾರೆ.

2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ್ದ ಸಮಿತಿ ಬೀಡ್ ಜಿಲ್ಲೆಯಲ್ಲಿ ಸಮೀಕ್ಷೆಗೆ ಒಳಪಟ್ಟ ಸುಮಾರು 82 ಸಾವಿರ ಕಬ್ಬು ಕಡಿಯುವ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶವನ್ನು ತೆಗೆಯಲಾಗಿದ್ದುದನ್ನು ಕಂಡಿತು. ನಮ್ಮ ಕಲಬುರಗಿ ಸೀಮೆಯ ತಾಂಡಾಗಳ ಹೆಣ್ಣುಮಕ್ಕಳು ಇಂತಹುದೇ ಅನಗತ್ಯ ಶಸ್ತ್ರಕ್ರಿಯೆಗಳ ವಿರುದ್ಧ ಬೀದಿಗಿಳಿದಿದ್ದರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವಳಿಗೆ ಆರಂಭದಲ್ಲಿಯೇ ಸರಿಯಾದ ಮಾತು ಹೇಳುವವರು, ಕೆಲವೇ ದಿನಗಳ ಔಷಧ ಕೊಡಿಸುವವರು ಇದ್ದಿದ್ದರೆ ಎಷ್ಟೋ ಜನರ ಬದುಕು ಬೇರೆಯಾಗುತ್ತಿತ್ತು. ಬಿಡಾರದ ಹತ್ತಿರ ಆರೋಗ್ಯ ಸೇವೆ ಇಲ್ಲದಿರುವುದರ ಬೆಲೆಯನ್ನು ಈ ಲೆಕ್ಕದಿಂದ ಅಳೆಯಬಹುದು.

ಈಗ ನಮ್ಮ ಸಮಾಜದ ಹಿರಿಯರು ಕಟ್ಟಿದ ಸಂಸ್ಥೆಗಳನ್ನು ನೋಡೋಣ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದು, ವಚನಪಿತಾಮಹ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ್ದು 1910ರಲ್ಲಿ; ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು ಏಳು ಮಂದಿ ಶಿಕ್ಷಕರು ಸ್ಥಾಪಿಸಿದ್ದು 1916ರಲ್ಲಿ. ಊರೂರು ತಿರುಗಿ, ಭಕ್ತರ ಕಣಜದ ಕಾಳನ್ನೂ ಕಾಣಿಕೆಯಾಗಿ ಪಡೆದು ಬೆಳೆದ ಈ ಮೂರೂ ಸಂಸ್ಥೆಗಳು ಇಂದು ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿವೆ. ಮೂರೂ ಕಬ್ಬಿನ ಸೀಮೆಯ ನಡುವೆಯೇ ಇವೆ. ಅವುಗಳ ಆಸ್ಪತ್ರೆಗಳಿಂದ ಬಡವರಿಗೆ ಆದ ಉಪಕಾರ ಸಣ್ಣದಲ್ಲ. ಆದರೂ ಆಸ್ಪತ್ರೆಗೆ ಬಂದವನಿಗೆ ಮಾಡುವ ಉಪಕಾರ ಬೇರೆ, ಬರಲಾಗದವನ ಬಳಿಗೆ ಹೋಗುವುದು ಬೇರೆ.

ದತ್ತು ಕುಟುಂಬಗಳಲ್ಲಿ ಬಿಡಾರಕ್ಕೂ ಸ್ಥಾನವಿರಲಿ

ಇಲ್ಲಿ ಒಂದು ಅವಕಾಶ ತೆರೆದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021–22ನೇ ಸಾಲಿನ ತಂಡದಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ 'ಕುಟುಂಬ ದತ್ತು ಕಾರ್ಯಕ್ರಮ'ವನ್ನು ಪಾಠಕ್ರಮದ ಭಾಗವಾಗಿಸಿದೆ. ಪ್ರತಿ ವಿದ್ಯಾರ್ಥಿ ಗ್ರಾಮೀಣ ಭಾಗದ ಮೂರರಿಂದ ಐದು ಕುಟುಂಬಗಳನ್ನು ವಹಿಸಿಕೊಂಡು, ಮೊದಲ ವರ್ಷದಿಂದ ಮೂರನೆಯ ಹಂತದವರೆಗೆ ಒಟ್ಟು 78 ಗಂಟೆಗಳ ಅವಧಿಯಲ್ಲಿ ಅವರ ಮನೆಗಳಿಗೆ ಹೋಗಿಬರಬೇಕು. ರಕ್ತಹೀನತೆ, ರಕ್ತದೊತ್ತಡ, ಲಸಿಕೆ, ನೈರ್ಮಲ್ಯಗಳನ್ನು ಗಮನಿಸಬೇಕು. ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸಬೇಕು. ರೋಗಿಯನ್ನು ಹಾಸಿಗೆಯ ಮೇಲೆ ನೋಡುವ ಮುನ್ನ ಮನೆಯಲ್ಲಿ ನೋಡಲಿ ಎಂಬುದು ಇದರ ಹಿಂದಿನ ವಿವೇಕ.

ಆದರೆ ದತ್ತು ಪಡೆಯುವ ಕುಟುಂಬಕ್ಕೆ ಮನೆಯಿರಬೇಕು, ಮೂರು ವರ್ಷ ಅದು ಅಲ್ಲಿಯೇ ಇರಬೇಕು. ಕಬ್ಬಿನ ಗದ್ದೆಯ ಅಂಚಿನ ಬಿಡಾರ ನಾಲ್ಕೈದು ತಿಂಗಳಿದ್ದು ಕರಗಿಹೋಗುತ್ತದೆ. ಹೀಗಾಗಿ ಕಾಲೇಜಿನ ಬಸ್ಸು ಹಳ್ಳಿಗೆ ಹೋಗುವ ದಾರಿಯಲ್ಲಿ ಅದೇ ಬಿಡಾರಗಳನ್ನು ದಾಟಿ ಮುಂದೆ ಸಾಗುತ್ತದೆ. ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಯವರಲ್ಲಿ ಮತ್ತು ಸಮುದಾಯ ವೈದ್ಯಶಾಸ್ತ್ರ ವಿಭಾಗದವರಲ್ಲಿ ನನ್ನ ಸವಿನಯ ವಿನಂತಿ ಇಷ್ಟು: ಪ್ರತಿ ತಂಡದ ದತ್ತು ಕುಟುಂಬಗಳ ಜೊತೆಗೆ, ಋತುವಿನ ಅವಧಿಗೆ, ಒಂದೊಂದು ಬಿಡಾರದ ಗುಂಪನ್ನೂ ಸೇರಿಸಿಕೊಳ್ಳಿರಿ. ನಿಯಮ ಕೇಳುವುದಕ್ಕಿಂತ ಸ್ವಲ್ಪ ಹೆಚ್ಚಿನದನ್ನು ಮಾಡಬಾರದೆಂದು ಯಾವ ನಿಯಮವೂ ಹೇಳಿಲ್ಲ.

ಹೊರದೇಶದಲ್ಲಿ ಇದಕ್ಕೊಂದು ಮಾದರಿ ಇದೆ. ಅಮೆರಿಕದಲ್ಲಿ ವಲಸೆ ಕೃಷಿ ಕಾರ್ಮಿಕರ ಆರೋಗ್ಯಕ್ಕೆಂದೇ 1962ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ಜಾರ್ಜಿಯ ರಾಜ್ಯದ ಎಮೊರಿ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆ 1990ರ ದಶಕದಿಂದ ಪ್ರತಿ ಬೇಸಿಗೆಯಲ್ಲಿ ಎರಡು ವಾರ ತನ್ನ ವಿದ್ಯಾರ್ಥಿಗಳನ್ನು ಮೌಲ್ಟ್ರಿ ಎಂಬ ಕೃಷಿ ಪ್ರದೇಶಕ್ಕೆ ಕರೆದೊಯ್ಯುತ್ತಿದೆ. ಹಗಲು ಕಾರ್ಮಿಕರ ಮಕ್ಕಳ ತಪಾಸಣೆ. ಸಂಜೆ, ಕೆಲಸ ಬಿಟ್ಟು ಬಂದವರಿಗೆ ಅವರ ವಸತಿಯ ಬಳಿಯಲ್ಲಿಯೇ ಚಿಕಿತ್ಸೆ. ಸ್ಥಳೀಯ ಆರೋಗ್ಯ ಕೇಂದ್ರದೊಡನೆ ಕೂಡಿಯೇ ಈ ಕೆಲಸ ನಡೆಯುತ್ತದೆ. ಇದರಲ್ಲಿ ನಾವು ಗಮನಿಸಬೇಕಾದುದು ಹಣವನ್ನಲ್ಲ, ಹೊತ್ತನ್ನು.

ನಮ್ಮ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಮಠದ ಜಾತ್ರೆಯ ಸಂದರ್ಭದ ಉಚಿತ ಆರೋಗ್ಯ ಶಿಬಿರದ ಏರ್ಪಾಡು ಅನೇಕ ವರ್ಷಗಳಿಂದ ನನ್ನದೇ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಡೆಸುತ್ತ ಬಂದಿದ್ದೇವೆ. ಮಾವಳ್ಳಿಯಿಂದ ಮರಳಿದ ಮೇಲೆ ಹಳೆಯ ನೋಂದಣಿ ಪುಸ್ತಕಗಳನ್ನು ತೆಗೆದು ನೋಡಿದೆ. ಊರಿನ ನಿವೃತ್ತರು, ವ್ಯಾಪಾರಸ್ಥರು, ನಮ್ಮದೇ ಸಿಬ್ಬಂದಿ. ಕೂಲಿಯವರ ಹೆಸರುಗಳು ಬೆರಳೆಣಿಕೆಯಷ್ಟು. ಹತ್ತು ಗಂಟೆಗೆ ಕೂಲಿಯವನು ಹೊಲದಲ್ಲಿರುತ್ತಾನೆಂಬುದು ನನಗೆ ಹೊಳೆಯಲೇ ಇಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬಂದರೆ ಮಾತ್ರ ಅವನಿಗೆ ನಮ್ಮ 'ಉಚಿತ' ತಪಾಸಣೆ. ಇದನ್ನು ಉಚಿತವೆನ್ನಲು ಸಾಧ್ಯವೇ?

ಬಿಳಿ ಕೋಟು ಇಲ್ಲದವರ ಕೆಲಸ

ವೈದ್ಯ ವಿದ್ಯಾರ್ಥಿಗಳು ಇಲ್ಲದ ಊರುಗಳಲ್ಲಿ ಏನು ಮಾಡಬೇಕು? ಮಾವಳ್ಳಿಯ ಆ ಹುಡುಗಿಯೇ ಇದಕ್ಕೆ ಉತ್ತರ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಇಂದು ಕುಮಟಾ, ಹೊನ್ನಾವರ, ಭಟ್ಕಳದಂತಹ ತಾಲೂಕು ಕೇಂದ್ರಗಳ ಕಾಲೇಜುಗಳಲ್ಲಿಯೂ ಇವೆ. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಆ ಗಂಟೆಗಳಲ್ಲಿ ಎಷ್ಟೋ ಪಾಲು ಕಾಲೇಜಿನ ಅಂಗಳ ಗುಡಿಸುವುದರಲ್ಲಿ, ಗಿಡ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವುದರಲ್ಲಿ ಕಳೆಯುತ್ತದೆಂಬುದನ್ನು ಕಾರ್ಯಕ್ರಮಾಧಿಕಾರಿಗಳೇ ಬೇಸರದಿಂದ ಹೇಳುತ್ತಾರೆ.

ಈ ಮಕ್ಕಳು ಔಷಧ ಕೊಡಬೇಕಿಲ್ಲ, ಕೊಡಲೂ ಬಾರದು. ಅವರು ಮಾಡಬಹುದಾದುದು ನಾಲ್ಕು ಕೆಲಸ. ತಮ್ಮ ಸುತ್ತಲಿನ ತೋಟ ಗದ್ದೆಗಳಲ್ಲಿ ಯಾವ ಊರಿನವರು ಬಂದಿದ್ದಾರೆಂದು ತಿಳಿದು, ಅಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸುವುದು. ಬಸುರಿ, ಬಾಣಂತಿ, ಲಸಿಕೆ ಬಾಕಿಯಿರುವ ಮಗು, ನಡುವೆ ನಿಂತ ಚಿಕಿತ್ಸೆ ಇವಿದ್ದರೆ ಆರೋಗ್ಯ ಕೇಂದ್ರದವರೆಗೆ ಜೊತೆಗೆ ಹೋಗುವುದು. ಕಾರ್ಮಿಕನ ಬಳಿ ಇರುವ ಚೀಟಿ, ಕಾರ್ಡು, ಸಂಖ್ಯೆಗಳನ್ನು ಅವನ ಒಪ್ಪಿಗೆಯಿಂದ ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು ಅವನ ಕೈಯಲ್ಲಿಯೇ ಇಡುವುದು. ಅವನು ಊರಿಗೆ ಹೊರಟಾಗ ಅಲ್ಲಿನ ಆರೋಗ್ಯ ಕಾರ್ಯಕರ್ತೆಗೆ ಒಂದು ಮಾತು ಮುಟ್ಟಿಸುವುದು. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಎಳೆ ಕಡಿದುಹೋಗುವುದು ಅಲ್ಲಿಯೇ.

ಇದು ಆಗದ ಮಾತೆಂದು ಯಾರಾದರೂ ಹೇಳಿದರೆ ಪಲ್ಸ್ ಪೋಲಿಯೊ ಕಾರ್ಯಕ್ರಮವನ್ನು ನೆನಪಿಸಬೇಕು. ಇಟ್ಟಿಗೆ ಭಟ್ಟಿ, ಕಬ್ಬಿನ ಗದ್ದೆ, ಅಲೆಮಾರಿಗಳ ಗುಡಾರ, ರೈಲು ನಿಲ್ದಾಣ ಯಾವುದನ್ನೂ ಬಿಡದೆ ಎರಡು ಹನಿ ತಲುಪಿಸಿದ್ದರಿಂದಲೇ 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಆ ಕಾರ್ಯದಲ್ಲಿ ಅಂಗನವಾಡಿಯ ತಾಯಂದಿರ ಜೊತೆಗೆ ವಿದ್ಯಾರ್ಥಿಗಳೂ ದುಡಿದರು. ಮನೆಯಿಲ್ಲದವನ ಬಾಗಿಲಿಗೂ ಹೋಗಲು ನಮಗೆ ಬರುತ್ತದೆಂಬುದು ಆಗಲೇ ಸಿದ್ಧವಾಗಿದೆ.

ಎಚ್ಚರಿಕೆಯ ಮಾತುಗಳು

ಸೇವೆಯ ಉತ್ಸಾಹದಲ್ಲಿ ಮರೆಯಬಾರದ ಕೆಲವು ಸಂಗತಿಗಳಿವೆ. ಬಡವನ ದೇಹ ವಿದ್ಯಾರ್ಥಿಯ ಅಭ್ಯಾಸದ ವಸ್ತುವಲ್ಲ. ಅವನ ಒಪ್ಪಿಗೆಯಿಲ್ಲದೆ ಮುಟ್ಟುವುದು, ಅವನ ರೋಗವನ್ನು ತೋಟದ ಮಾಲೀಕರಿಗೋ ಜೊತೆಗಾರರಿಗೋ ಹೇಳುವುದು, ಅವನ ಚಿತ್ರವನ್ನು ಮೊಬೈಲಿನಲ್ಲಿ ಹಂಚುವುದು ಸೇವೆಯೆನಿಸದು. ಕ್ಷಯದ ಹೆಸರು ಹೊರಬಿದ್ದು ಕೆಲಸ ಹೋದರೆ, ಆ ಹಾನಿಯನ್ನು ಯಾವ ಶಿಬಿರವೂ ತುಂಬಿಕೊಡಲಾರದು. ಹೆಣ್ಣುಮಕ್ಕಳು ಬಿಡಾರಗಳಿಗೆ ಹೋಗುವಾಗ ಹಿರಿಯರೊಬ್ಬರ ಜೊತೆಯಿರಬೇಕು. ಮಾವಳ್ಳಿಯ ತಂದೆ ಮಗಳು ನಡೆದುಕೊಂಡ ರೀತಿ ಇದಕ್ಕೆ ಮೇಲ್ಪಂಕ್ತಿ. ಪರೀಕ್ಷೆ ಬಂತೆಂದು ವಿದ್ಯಾರ್ಥಿ ನಡುವೆ ಕೈಬಿಟ್ಟರೆ ನಂಬಿದವನು ಇನ್ನಷ್ಟು ಒಂಟಿಯಾಗುತ್ತಾನೆ. ಆದುದರಿಂದ ಒಬ್ಬರಿಂದ ಇನ್ನೊಬ್ಬರಿಗೆ ಹೊಣೆ ದಾಟಿಸುವ ಕ್ರಮವನ್ನು ಕಾಲೇಜು ಮೊದಲೇ ಮಾಡಿಕೊಳ್ಳಬೇಕು.

ತೋಟದ ಮಾಲೀಕರ ಅಂಜಿಕೆಯನ್ನೂ ಅರ್ಥಮಾಡಿಕೊಳ್ಳಬೇಕು. ಬಿಡಾರಕ್ಕೆ ಕಾಲೇಜಿನವರು ಬಂದರೆ ಹಿಂದೆಯೇ ಕಾರ್ಮಿಕ ಇಲಾಖೆಯವರು ಬಂದಾರೆಂದು ಕೆಲವರು ಹಿಂಜರಿಯುತ್ತಾರೆ. ಅವರಲ್ಲಿ ನಮ್ಮ ಭಕ್ತರೂ ಇದ್ದಾರೆ. ಅಡಿಕೆಯ ಕೊಳೆರೋಗದಿಂದ, ಕೂಲಿಯ ಏರಿಕೆಯಿಂದ ಅವರೂ ಬಳಲಿದವರೇ. ಅವರಿಗೆ ಹೇಳಬೇಕಾದ ಮಾತು ನೇರವಾದುದು: ರೋಗಿಯಾದ ಆಳು ಕೊನೆ ಕೊಯ್ಲಿನ ನಡುವೆ ಬಿದ್ದರೆ ನಿಮ್ಮ ಬೆಳೆಯೂ ಬೀಳುತ್ತದೆ. ಒಂದು ಸಂಜೆ ಒಂದು ಗಂಟೆ ಬಿಡುವು, ಕುಡಿಯಲು ಶುದ್ಧ ನೀರು, ಒಂದು ಶೌಚಾಲಯ, ಬೆಟ್ಟಕ್ಕೆ ಹೋಗುವವರಿಗೆ ಉಣುಗಿನ ತೈಲ ಇವು ದಾನವಲ್ಲ, ದುಡಿಸಿಕೊಳ್ಳುವವನ ಕನಿಷ್ಠ ಕರ್ತವ್ಯ.

ಇನ್ನೊಂದು ಮಾತು. ವಿದ್ಯಾರ್ಥಿಗಳ ಸೇವೆ ಸರ್ಕಾರದ ಹೊಣೆಗೆ ಬದಲಿಯಾಗಬಾರದು. ಖಾಲಿ ಇರುವ ವೈದ್ಯರ, ಶುಶ್ರೂಷಕಿಯರ ಹುದ್ದೆಗಳನ್ನು ತುಂಬುವುದು, ಉತ್ತರ ಕನ್ನಡಕ್ಕೆ ಬೇಕಾದ ಆಸ್ಪತ್ರೆಯನ್ನು ಕೊಡುವುದು, ರಾಜ್ಯದೊಳಗಿನ ವಲಸಿಗರನ್ನೂ ಕಾನೂನಿನ ಲೆಕ್ಕಕ್ಕೆ ತರುವುದು ಸರ್ಕಾರದ ಕೆಲಸವೇ. ವಿದ್ಯಾರ್ಥಿ ರೋಗಿಯನ್ನು ಬಾಗಿಲವರೆಗೆ ಕರೆತರಬಲ್ಲ. ಬಾಗಿಲ ಒಳಗೆ ವೈದ್ಯರಿರಬೇಕು.

ಕಲ್ಯಾಣಕ್ಕೆ ಬಂದವರು

ನಾವು ಶರಣರ ಹೆಸರು ಹೇಳುವವರು. ಹನ್ನೆರಡನೆಯ ಶತಮಾನದ ಕಲ್ಯಾಣ ಬಹುಮಟ್ಟಿಗೆ ಹೊರಗಿನಿಂದ ಬಂದವರು ಕಟ್ಟಿದ ಊರೆಂಬುದನ್ನು ನೆನೆಯೋಣ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇಂದಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವರು. ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದವನೆಂಬುದು ಪರಂಪರೆಯ ಮಾತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರೆಲ್ಲ ವಲಸೆ ಕಾರ್ಮಿಕರು. ಅನುಭವ ಮಂಟಪ ಅವರ ಊರನ್ನು ಕೇಳಲಿಲ್ಲ, ಕಾಯಕವನ್ನು ಕೇಳಿತು. ಆ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ರೋಗವನ್ನು ಮಾಣಿಸುವುದೂ ಒಂದು ಕಾಯಕವೆಂದು ಅವನು ಬಾಳಿ ತೋರಿದನು. ಕೊನೆಗೆ ಕಲ್ಯಾಣವೇ ಚದುರಿದಾಗ ಚೆನ್ನಬಸವಣ್ಣನವರೊಡನೆ ಶರಣರು ಉಳವಿಯ ಕಾಡಿಗೆ ಬಂದರು. ಉತ್ತರ ಕನ್ನಡದ ನೆಲ ಅಂದು ನೆಲೆ ತಪ್ಪಿ ಬಂದವರಿಗೆ ಆಸರೆ ಕೊಟ್ಟಿತು. ಇಂದು ಅದೇ ಜಿಲ್ಲೆಗೆ ದುಡಿಯಲು ಬಂದವನನ್ನು ಹೊರಗಿನವನೆಂದು ಕಾಣಲು ನಮಗೆ ಯಾವ ಅಧಿಕಾರವಿದೆ?

ಈ ಎಲ್ಲವನ್ನೂ ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ನಿವೇದಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾವು ಏನು ಮಾಡುತ್ತೇವೆ?" ಅದರಂತೆ ಮುಂದಿನ ಜಾತ್ರೆಯ ಆರೋಗ್ಯ ಶಿಬಿರ ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ನಡೆಯಲಿದೆ. ಎರಡು ಸಂಜೆ ಅದು ಮಠದ ಅಂಗಳದಲ್ಲಿ. ಮುಂದಿನ ಎರಡು ಸಂಜೆ ಸಮೀಪದ ಕಬ್ಬಿನ ಗದ್ದೆಗಳ ಬಿಡಾರಗಳ ಬಳಿಯಲ್ಲಿ. ಪ್ರಸಾದ ನಿಲಯದ ಪದವಿ ವಿದ್ಯಾರ್ಥಿಗಳಿಗೆ ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯ ನೆರವಿನಿಂದ ಒಂದು ದಿನದ ತಿಳಿವಳಿಕೆ ಕೊಡಿಸಲಾಗುವುದು. ಸುಗ್ಗಿ ಮುಗಿದು ಹೊರಡುವ ಕುಟುಂಬಗಳಿಗೆ, ಅವರವರ ಚಿಕಿತ್ಸೆಯ ವಿವರ ಬರೆದ ಹಾಳೆಯೊಂದನ್ನು ಜೋಳದ ರೊಟ್ಟಿಯ ಬುತ್ತಿಯೊಡನೆ ಕೊಟ್ಟು ಕಳುಹಿಸುವ ಏರ್ಪಾಡೂ ಆಗುತ್ತಿದೆ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಬೆಳಗಾವಿ ಸೀಮೆಯಲ್ಲಿ ನೆಲೆಸಿರುವ ಸದ್ಭಕ್ತರು ತಮ್ಮ ಸುತ್ತಲಿನ ಬಿಡಾರಗಳಿಗೆ ಒಂದು ಸಂಜೆ ಹೋಗಿಬರಲಿ. ಯಾವ ಊರಿನವರು, ಮಾತ್ರೆ ಏನಾದರೂ ನಡುವೆ ನಿಂತಿದೆಯೇ ಎಂದು ಕೇಳಲಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಲಿ. ಮಾವಳ್ಳಿಯ ಆ ಕಾಕಾ ಯುಗಾದಿಗೆ ಊರಿಗೆ ಮರಳುವವನಿದ್ದಾನೆ. ಚಿಕಿತ್ಸೆ ಇನ್ನೂ ಮುಗಿದಿರುವುದಿಲ್ಲ. ಆತನ ಊರಿನ ಆರೋಗ್ಯ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ ಆ ಹುಡುಗಿಯ ಬಳಿ ಇದೆ.